ಇಂಜಿನ್ನಿನ ಪಾಳಿ

ಗೂಡ್ಸ್ ರೈಲಿನ ಇಂಜಿನ್ನನ್ನು ಬ್ಯಾಟರಿ ಮೇಲೆ ಓಡಿಸಿದರೆ ಖರ್ಚು ಗಿಟ್ಟುತ್ತದೆಯೇ ಎಂದು ನೋಡಿಕೊಂಡು ಬರಲು ನನ್ನನ್ನು ಗುಡಗೇರಿ ಸ್ಟೇಶನ್ನಿಗೆ ಕಳಿಸಿದ್ದರು. ಹೊರಗಿನ ಚಹಾದಂಗಡಿಯಲ್ಲಿ ಬಾಜು ಕೂತಿದ್ದ ರೈತ ಬಸಪ್ಪ ಕಾಕಾ ನಾನು ಬಂದ ಕೆಲಸವನ್ನೆಲ್ಲ ಕೇಳಿಸಿಕೊಂಡರು. ಬ್ಯಾಟರಿಯ ಬೆಲೆಗೆ ಅವರು ಬೆರಗಾಗಲಿಲ್ಲ.

"ಚಾರ್ಜ್ ಎಲ್ಲಿ ಮಾಡ್ತೀರಿ?"

"ಇಲ್ಲೇ ರೀ."

ಕಾಕಾ ಚಹಾ ಸುರುವಿಕೊಂಡಿದ್ದ ಬಸಿ ಕೆಳಗಿಟ್ಟರು. "ಎಲ್ಲಾರೂ ಒಮ್ಮೆಲೇ ಪಂಪ್‌ಸೆಟ್ ಚಾಲೂ ಮಾಡಿದ್ರ ನಮ್ಮ ಟ್ರಾನ್ಸ್‌ಫಾರ್ಮರ್ ಸುಡತೈತ್ರಿ. ಅದಕ್ಕ ಒಬ್ಬೊಬ್ಬರಿಗೆ ಒಂದೊಂದು ವಾರ ಅಂತ ಪಾಳಿ ಹಚ್ಚೇವಿ. ನಿಮ್ಮ ಇಂಜಿನ್ನೂ ಪಾಳಿಗೆ ನಿಲ್ಲಬೇಕು."

ರೈಲಿಗೆ ಬೇರೆ ಕರೆಂಟ್ ಲೈನ್ ಬರುತ್ತದೆ ಎಂದರೆ ಯಾರೂ ನಂಬಲಿಲ್ಲ. ಚಹಾ ಮುಗಿಯುವುದರೊಳಗೆ ಅಲ್ಲಿದ್ದವರೆಲ್ಲ ಸೇರಿ ಇಂಜಿನ್ನಿಗೆ ಮಂಗಳವಾರ ಕೊಟ್ಟರು. ನಡುವೆ ಕರೆಂಟ್ ಹೋದರೆ ಪಾಳಿಯೂ ಹೋದಂತೆ, ಮತ್ತೆ ಕೇಳುವ ಹಾಗಿಲ್ಲ. ವಾದಿಸಿ ಸಾಕಾಗಿ, ಒಪ್ಪಿ, ಫೋನ್ ನಂಬರ್ ಕೊಟ್ಟು ಬಂದೆ.

ಅಂದಿನಿಂದ ಪ್ರತಿ ಮಂಗಳವಾರ ಕಾಕಾ ಫೋನ್ ಮಾಡುತ್ತಾರೆ. "ಸಾಹೇಬ್ರ, ಇಂಜಿನ್ ಬಂತೇನ್ರಿ? ಇಲ್ಲಂದ್ರ ನಿಮ್ಮ ಪಾಳಿಯೊಳಗ ನಮ್ಮ ಮೆಣಸಿನಗಿಡಕ್ಕ ನೀರು ಬಿಡ್ಲೇನು?"

"ಬಿಡ್ರಿ ಕಾಕಾ" ಅನ್ನುತ್ತೇನೆ.

ಬ್ಯಾಟರಿ ಇಂಜಿನ್ ಗಿಟ್ಟುತ್ತದೋ ಇಲ್ಲವೋ, ನಮ್ಮ ಆಫೀಸಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಬಸಪ್ಪ ಕಾಕಾಗಂತೂ ಆಗಲೇ ಗಿಟ್ಟಿದೆ.