ಮಿತಿ ದಾಟಿದ ಸೋಫಾ ಅಂಗಡಿ

ಸೋಫಾ, ಕುರ್ಚಿ, ಹಾಸಿಗೆ, ಏನು ಕೊಟ್ಟರೂ ಹೊಸದರಂತೆ ಹೊಲಿದುಕೊಡುತ್ತಿದ್ದ ಆಕೆಗೆ ಬೀದಿಯವರು ಇಟ್ಟ ಹೆಸರು ರಜೆಯಕ್ಕ. ವರ್ಷ ಮುಗಿಯುತ್ತಾ ಬಂದರೆ ಸಾಕು, ಅಂಗಡಿಯ ಶಟರ್ ಅರ್ಧಕ್ಕಿಳಿಯುತ್ತಿತ್ತು. ಕೇಳಿದವರಿಗೆ ಸೊಂಟನೋವು ಅನ್ನುವಳು. ಸೊಂಟ ಕಲ್ಲಿನಂತೆ ಗಟ್ಟಿಯಾಗೇ ಇತ್ತು. ಕಾಡುತ್ತಿದ್ದದ್ದು ಮಾರಾಟ ತೆರಿಗೆ. ವರ್ಷದ ವ್ಯಾಪಾರ ಸರ್ಕಾರ ಇಟ್ಟ ಮಿತಿಯೊಳಗಿದ್ದರೆ ಅದರ ಗೋಜಿಲ್ಲ. ದಾಟಿದರೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ದರ ಏರಿಸಿದರೆ ಗಿರಾಕಿ ಓಡುತ್ತಾರೆ, ಏರಿಸದಿದ್ದರೆ ಕೈಯಿಂದ ಹೋಗುತ್ತದೆ. ಅದಕ್ಕೇ ಮಿತಿ ಹತ್ತಿರವಾದಂತೆ ಬಂದ ಕೆಲಸವನ್ನೆಲ್ಲ ವಾಪಸು ಕಳಿಸುತ್ತಿದ್ದಳು.

ಆ ವರ್ಷ, ಸಭೆ ಸಮಾರಂಭಕ್ಕೆ ಕುರ್ಚಿ ಬಾಡಿಗೆ ಕೊಡುವವನೊಬ್ಬ ಬಂದು ತನ್ನ ಅಷ್ಟೂ ಕುರ್ಚಿಗೆ ಹೊಸ ಸೀಟು ಹಾಕಿಕೊಡಿ ಅಂದ.

"ಈಗ ಆಗಲ್ಲಪ್ಪ. ಈ ವರ್ಷ ಕಳೀಲಿ."

"ಅಲ್ಲೀವರೆಗೂ ಜನ ನಿಂತ್ಕೊಂಡೇ ಭಾಷಣ ಕೇಳ್ಬೇಕಾ?" ಅಂತ ಗೊಣಗುತ್ತಾ ಹೋದ.

ಬಟ್ಟೆ ಕತ್ತರಿಸುತ್ತಿದ್ದ ನಾದಿನಿ ಕತ್ತರಿ ಕೆಳಗಿಟ್ಟಳು. "ಅತ್ತಿಗೆ, ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಕರೀತಿದಾರೆ. ಹೋಗ್ತೀನಿ."

"ಯಾಕೆ, ನಾನೇನು ಕಡಿಮೆ ಮಾಡಿದೀನಿ ನಿಂಗೆ?"

"ಏನೂ ಇಲ್ಲ. ಆದ್ರೆ ಹೊಟ್ಟೆಗೆ ರಜೆ ಕೊಡಕ್ಕಾಗಲ್ವಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣೆ."

"ಹಾಸಿಗೆ ಹೊಲಿಯೋರೇ ನಾವು! ಉದ್ದ ಮಾಡ್ಕೊಳ್ಳೋಕೆ ಏನು ದಾಡಿ?"

ಅಕ್ಕನಿಗೆ ನಗು ಬಂತು, ಹಿಂದೆಯೇ ಯೋಚನೆಯೂ. ಇವಳು ಹೋದರೆ ಬಲಗೈ ಮುರಿದಂತೆ.

ಮರುದಿನ ಇಬ್ಬರೂ ತೆರಿಗೆ ಕಚೇರಿಯ ಮೆಟ್ಟಿಲು ಹತ್ತಿದರು. ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದ ಅಧಿಕಾರಿಣಿ ಸಮಾಧಾನವಾಗೇ ಕೇಳಿದರು: "ಫೋಮು, ರೆಕ್ಸಿನ್ ಕೊಳ್ಳೋವಾಗ ತೆರಿಗೆ ಕೊಡ್ತೀರಲ್ಲಮ್ಮ? ನೋಂದಣಿ ಆದ್ಮೇಲೆ, ನೀವು ಕಟ್ಟೋದ್ರಲ್ಲಿ ಅದನ್ನ ಕಳೀಬಹುದು. ದೊಡ್ಡ ಗಿರಾಕಿಗಳಿಗೆ ಬೇಕಾಗಿರೋದೂ ತೆರಿಗೆ ಬಿಲ್ಲೇ. ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಹೆದರಿಕೆ ಮೇಡಂ," ಅಂದಳು ಅಕ್ಕ. ನೋಂದಣಿ ಅರ್ಜಿ ಕೊಟ್ಟು ಹೊರಗೆ ಬಂದು ಮೆಟ್ಟಿಲ ಮೇಲೇ ಕೂತು ಒಂದು ಬಾಟಲಿ ನೀರು ಗಟಗಟ ಕುಡಿದಳು.

ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೇನೂ ಆಗಲಿಲ್ಲ. ದರ ಸ್ವಲ್ಪ ಏರಿತು; ಪಕ್ಕದ ಬೀದಿಯ ಹಳೇ ಗಿರಾಕಿಯೊಬ್ಬರು ಮುಖ ತಿರುಗಿಸಿಕೊಂಡು ಬೇರೆ ಅಂಗಡಿ ಹಿಡಿದರು. ತಿಂಗಳ ಲೆಕ್ಕ ಸಲ್ಲಿಸುವ ತಲೆನೋವು ಗಂಡನ ಪಾಲಾಯಿತು. "ನಿನ್ನ ಕಟ್ಕೊಂಡಾಗ ಇದನ್ನ ಹೇಳಿರ್ಲಿಲ್ಲ" ಅಂತ ಅವನು ಗೊಣಗುವುದು, ಇವಳು ಟೀ ತಂದಿಡುವುದು ನಡೆದೇ ಇತ್ತು. ಕುರ್ಚಿಯವನು ಮಾತ್ರ ತೆರಿಗೆ ಬಿಲ್ ಸಿಗುತ್ತದೆ ಅಂತ ತಿಳಿದ ಕೂಡಲೇ ಲಾರಿ ತಂದು ನಿಲ್ಲಿಸಿದ. ನಾದಿನಿ ಗಾರ್ಮೆಂಟ್ಸ್ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಜೊತೆಯಾಗಿ ಇನ್ನೊಬ್ಬಾಕೆ ಹೊಲಿಗೆಗೆ ಬಂದಳು.

ಮುಂದಿನ ವರ್ಷದ ಕೊನೆಯ ತಿಂಗಳು. ಸೋಫಾ ಹೊತ್ತು ತಂದವರು ಬಾಗಿಲಲ್ಲಿ ಅನುಮಾನಿಸುತ್ತಾ, "ಅಕ್ಕಾ, ಈಗ ಆಗುತ್ತಾ..." ಅನ್ನುವಷ್ಟರಲ್ಲಿ ಒಳಗಿನಿಂದ ಕೂಗು ಬಂತು:

"ಇಳಿಸಿ, ಇಳಿಸಿ! ಕೈ ನೋಯುತ್ತೆ, ಮೊದ್ಲು ಇಳಿಸಿ!"