ಬೆಟ್ಟಕ್ಕೆ ಹೊರಟ ಮಹಾದೇವಿಯ ಬುತ್ತಿ

ಬಾಗಲಗುಂಟೆಯ ಆ ಓಣಿಯಲ್ಲಿ ಮಹಾದೇವಿಯ ಮಾತು ಬಂದರೆ ಸಾಕು, ಎದುರುಮನೆ ಶಶಿಕಲಾ ಸೊಂಟಕ್ಕೆ ಕೈಯಿಟ್ಟು ನಿಂತುಬಿಡುತ್ತಿದ್ದಳು. "ಎಲ್ರೂ ಅಡುಗೆಮನೆ ಬಿಟ್ಟು ಊರು ಸುತ್ತೋಕೆ ಹೋದ್ರೆ, ಈವಮ್ಮ ಅಡುಗೆಮನೆನೇ ಬೆನ್ನಿಗೆ ಕಟ್ಕೊಂಡು ಹೋಗ್ತಾಳೆ ಕಣ್ರೀ. ಹೋಗುವಾಗ ನಗ್ತಾ ಹೋಗ್ತಾಳೆ. ಬರುವಾಗ ಆ ಮುಖ ನೋಡಿದ್ರೆ ಕಾಯ್ಸಿದ ಹಾಲು ಒಡೀಬೇಕು." ಪಕ್ಕದ ಮನೆಯ ಗೋಪಾಲಪ್ಪನವರದು ಇನ್ನೊಂದು ಮಾತು: "ಅಷ್ಟು ಸಿಟ್ಟು ಬರೋದಾದ್ರೆ ಹೋಗೋದ್ಯಾಕೆ? ಮನೇಲಿದ್ದು ಟೀವಿ ನೋಡಬಾರ್ದಾ?"

ಯಾಕೆ ಹೋಗ್ತೀ ಎಂದು ಅವಳನ್ನೇ ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದಳು.

ಗಜೇಂದ್ರಗಡದ ಕಡೆಯಿಂದ ಗಂಡ ಈಶಪ್ಪನ ಜೊತೆ ಬಂದವಳು ಪೀಣ್ಯದ ಬೋಲ್ಟ್ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದ್ದಳು. ಟ್ಯೂಬ್‌ಲೈಟಿನ ಕೆಳಗೆ ಕೂತು ಒಂದೊಂದೇ ಬೋಲ್ಟನ್ನು ಕಣ್ಣಿನ ಹತ್ತಿರ ಹಿಡಿಯುವುದು, ಥ್ರೆಡ್ಡು ನೋಡುವುದು, ಡಬ್ಬಕ್ಕೆ ಹಾಕುವುದು. ದಿನವಿಡೀ ಗೇಣುದ್ದದಾಚೆಗೆ ಕಣ್ಣು ಹೊರಳುವಂತಿಲ್ಲ. ಮನೆಗೆ ಬಂದು ತಾರಸಿ ಹತ್ತಿದರೆ ಮುಖಕ್ಕೆ ಇನ್ನೊಬ್ಬರ ನೀರಿನ ಟ್ಯಾಂಕು. ಕಾರ್ಖಾನೆಯ ಕೆಲವರು ಸೇರಿ ಚಾರಣದ ತಂಡ ಕಟ್ಟುತ್ತಾರೆಂದು ಕಿವಿಗೆ ಬಿದ್ದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಅವಳೇ. ಬೆಟ್ಟದ ತುತ್ತತುದಿಯಲ್ಲಿ ನಿಲ್ಲಬೇಕು, ಕಣ್ಣು ಸೋಲುವಷ್ಟು ದೂರ ನೋಡಬೇಕು. ಅವಳಿಗೆ ಬೇಕಾಗಿದ್ದುದು ಇಷ್ಟೇ.

ಮೊದಲ ಸಲ ಹೋದಾಗ ಏರುದಾರಿಯಲ್ಲೇ ಮಧ್ಯಾಹ್ನವಾಯಿತು. ತಂಡದ ಮುಂದಾಳು ನರೇಶ್, ಅವಳ ವಿಭಾಗದ ಸೂಪರ್‌ವೈಸರ್. ಅವನೂ ಉಳಿದವರೂ ಬಿಸಿ ಮಾಡಿ ತಿನ್ನುವ ಪಲಾವಿನ ಪೊಟ್ಟಣ ತಂದಿದ್ದರು. ಬೆಳಗಿನಿಂದ ನಡೆದ ಹೊಟ್ಟೆಗೆ ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆಗ ಮಹಾದೇವಿ ತನ್ನ ಚೀಲ ಬಿಚ್ಚಿದಳು. ಮುರಿಯದಂತೆ ಎರಡು ಸ್ಟೀಲ್ ತಟ್ಟೆಗಳ ನಡುವೆ ಇಟ್ಟು ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಎರಡು ಉಳ್ಳಾಗಡ್ಡಿ. ಡಬ್ಬಿಯಲ್ಲಿ, ಮನೆಯಲ್ಲೇ ಹುರಿದು ಒಗ್ಗರಣೆ ಬೆರೆಸಿದ ರವೆ. ಮೂರು ಕಲ್ಲು ಹೂಡಿದ ಒಲೆಯಲ್ಲಿ ಕುದಿಸಿದ ನೀರು ಹೊಯ್ದು ಮುಚ್ಚಿಟ್ಟರೆ ಘಮಘಮ ಉಪ್ಪಿಟ್ಟು. ಎಲ್ಲರೂ ಕೈ ಚಾಚಿದರು. ಅವಳೂ ಖುಷಿಯಿಂದಲೇ ಬಡಿಸಿದಳು. ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಮೋಡ ಕವಿದು, ಅರ್ಧಕ್ಕೇ ಇಳಿದು ಬಂದರು. ಇರಲಿ, ಇನ್ನೊಂದು ಬೆಟ್ಟವಿದೆ ಎಂದುಕೊಂಡಳು.

ಅಲ್ಲಿಂದ ಮುಂದೆ ಯಾರೂ ಬುತ್ತಿ ತರಲಿಲ್ಲ. "ಅಕ್ಕ ತರ್ತಾರೆ ಬಿಡ್ರೋ" ಎಂದು ನರೇಶ್ ಎಲ್ಲರಿಗೂ ಹೇಳಿಬಿಟ್ಟಿದ್ದ. ಪುಟ್ಟದೊಂದು ಗ್ಯಾಸ್ ಒಲೆ, ಜೊತೆಗೊಂದು ಪಾತ್ರೆ ಕೊಂಡುತಂದು ಅವನ್ನೂ ಅವಳ ಚೀಲಕ್ಕೇ ತುರುಕಿದ. "ಭಾರ ಏನಿಲ್ಲ ಅಕ್ಕ, ಹೂವಿನ ಥರ ಇದೆ."

ಹೂವು ಹೊತ್ತ ಬೆನ್ನು ರಾತ್ರಿ ನೆಲಕ್ಕೆ ತಾಗಿದರೆ ಉರಿಯುತ್ತಿತ್ತು. ಅದನ್ನಾದರೂ ಸಹಿಸಿಯಾಳು. ತುದಿಗೆ ಇನ್ನೊಂದೇ ಏರು ಉಳಿದಿರುವಾಗ ನರೇಶ್ ಪ್ರತಿ ಸಲವೂ ತಿರುಗಿ ನಿಲ್ಲುತ್ತಿದ್ದ.

"ಅಕ್ಕ, ನೀವು ಇಲ್ಲೇ ಇರಿ. ಕೋತಿ ಕಾಟ ಬೇರೆ. ನಾವು ಇಳ್ದು ಬರೋಷ್ಟ್ರಲ್ಲಿ ಬಿಸಿಬಿಸಿ ಮಾಡಿಟ್ಟಿರಿ. ಮೇಲೇನಿದೆ, ಬರೀ ಕಲ್ಲು, ಗಾಳಿ."

"ಬರೀ ಕಲ್ಲು ಗಾಳಿ ಇದ್ರ ನೀವ್ಯಾಕ ಹೊಂಟೀರಿ?"

"ನಿಮ್ಮ ಬಾಯಿಗೆ ಯಾರ್ ಸಿಗ್ತಾರೆ ಅಕ್ಕ" ಎಂದು ನಕ್ಕು ಎಲ್ಲರೂ ಹತ್ತಿಹೋಗುತ್ತಿದ್ದರು. ಅವಳು ಕೋಲು ಹಿಡಿದು ಒಲೆಯ ಮುಂದೆ ಕೂರುತ್ತಿದ್ದಳು. ಮೇಲಿನಿಂದ ಅವರ ಕೇಕೆ ಕೇಳಿಸುತ್ತಿತ್ತು.

ಒಂದು ಸಲ ಈಶಪ್ಪ ಅವಳ ಮೊಬೈಲಿನಲ್ಲಿ ತಂಡದ ಫೋಟೋ ನೋಡುತ್ತ, "ಇದ್ರಾಗ ನೀ ಎಲ್ಲಿ ಅದೀ?" ಎಂದು ಕೇಳಿದ.

"ಕೆಳಗ. ಮಂಗ್ಯಾ ಕಾಯಾಕತ್ತಿದ್ದೆ."

ಈಶಪ್ಪ ನಕ್ಕ. "ನಿನ್ನ ಕೈರುಚಿ ಅಂಥಾದ್ದು. ಬಿಟ್ಟಾರೇನು?"

ಅವನು ಹೊಗಳಿಕೆಯೆಂದೇ ಅಂದದ್ದು. ಮಹಾದೇವಿ ಪಾತ್ರೆಯ ಮುಚ್ಚಳವನ್ನು ಕುಕ್ಕಿದ ಸದ್ದಿಗೆ ಶಶಿಕಲಾ ಹೊರಗೆ ಬಂದು ಇಣುಕಿದಳು. "ಮನ್ಯಾಗೂ ಇದ ಮಾತು, ಬೆಟ್ಟದಾಗೂ ಇದ ಮಾತು" ಎಂದಳು ಮಹಾದೇವಿ. "ಮದುವಿಯಾದಾಗಿಂದ ಈ ಕೈ ಬಿಟ್ಟು ನನ್ನೊಳಗ ಇನ್ನೇನೂ ಕಂಡಿಲ್ಲ ನಿಮಗ್ಯಾರಿಗೂ."

ಹೀಗಿರುವಾಗ ಕಾರ್ಖಾನೆ ತುಮಕೂರಿನ ಕಡೆಗೆ ಹೋಗುತ್ತದೆಂದು ಖಚಿತವಾಯಿತು. ಈಶಪ್ಪ, ಮಹಾದೇವಿ ಅಲ್ಲೇ ಮನೆ ಹಿಡಿದರು. ನರೇಶ್ ಮತ್ತು ಬಹುಪಾಲು ಜನ ಇಲ್ಲೇ ಬೇರೆ ಕೆಲಸ ನೋಡಿಕೊಂಡರು. ತಂಡ ಒಡೆಯುವ ಮೊದಲು ಕಡೆಯದೊಂದು ಬೆಟ್ಟ, ರಾತ್ರಿ ಅಲ್ಲೇ ತಂಗುವುದು ಎಂದು ಮಾತಾಯಿತು. ಟೀ ಹೊತ್ತಿನಲ್ಲಿ ಮಹಾದೇವಿ ಎಲ್ಲರೆದುರೇ ಹೇಳಿದಳು:

"ಈ ಸಲ ಅವರವರ ಊಟ ಅವರವರು ತರ್ರಿ. ನಾ ತುದಿಗೆ ಬರ್ತೀನಿ."

"ಅಯ್ಯೋ, ಅಷ್ಟೇನಾ ಅಕ್ಕ?" ಎಂದ ನರೇಶ್. "ನಿಮಗ್ಯಾಕೆ ತೊಂದ್ರೆ, ಪ್ಯಾಕೆಟ್ಟೇ ತರ್ತೀವಿ. ಈಗ ಬಿಸಿಬೇಳೆಬಾತೂ ಬರುತ್ತೆ, ಸಕ್ಕತ್ತಾಗಿರುತ್ತೆ. ನೀವು ಕೂತ್ಕೊಂಡು ಬರೀ ನೀರು ಕಾಯ್ಸಿ ಹಾಕಿಕೊಟ್ರೆ ಸಾಕು."

"ನೀರ ಕಾಯ್ಸಾಕ ಬರೂದಿಲ್ಲೇನ್ರಿ ನಿಮಗ?"

"ಬರುತ್ತೆ. ಆದ್ರೂ ನೀವು ಮಾಡಿದ್ರೆ ಅದೇ ಬೇರೆ."

"ನೀರಿಗೆ ಎಂಥಾ ಕೈರುಚಿ, ನರೇಶ್?"

ಯಾರೋ ಕಿಸಕ್ಕೆಂದರು. ಹೆಸರಿಗೆ ಹಚ್ಚುತ್ತಿದ್ದ 'ಸಾರ್' ಬಿದ್ದುಹೋದದ್ದು ನರೇಶನ ಗಮನಕ್ಕೂ ಬಂತು. ಅವಳು ಅರ್ಧ ಟೀ ಚೆಲ್ಲಿ ಎದ್ದು ಹೋದಳು. ಅವತ್ತು ಅವಳ ಕೈಗೆ ಬಂದ ಬೋಲ್ಟುಗಳು ಡಬ್ಬಕ್ಕೆ ಬಿದ್ದ ಸದ್ದು ಶೆಡ್ಡಿನ ಆ ತುದಿಗೂ ಕೇಳಿಸಿತು.

ಹೊರಡುವ ದಿನವೇ ಮನೆ ಖಾಲಿ ಮಾಡುವ ದಿನವೂ ಆಗಿಬಂತು. ಗೋಣಿಚೀಲಗಳ ನಡುವೆ ನಿಂತು ಈಶಪ್ಪ ಗೊಣಗಿದ. "ಲಾರಿ ಬರೂ ಹೊತ್ತಿನ್ಯಾಗ ನೀ ಬೆಟ್ಟ ಅಂತೀ. ಜನ ಏನಂದಾರು?"

"ಅಡಗಿಮನಿ ಕಟ್ಟಿಟ್ಟೀನಿ. ಎತ್ತಿ ಹಾಕೂದಷ್ಟ ನಿಮ್ಮ ಕೆಲಸ. ನಾ ನಾಳೆ ಸೀದಾ ಹೊಸ ಮನಿಗೇ ಬರ್ತೀನಿ."

ಅವಳ ಚೀಲದಲ್ಲಿ ಈ ಸಲ ಬೆಂಕಿ ಕೇಳುವ ಪದಾರ್ಥ ಒಂದೂ ಇರಲಿಲ್ಲ. ತಟ್ಟೆಗಳ ನಡುವೆ ತನಗೆ ಬೇಕಾದಷ್ಟೇ ರೊಟ್ಟಿ, ಚಟ್ನಿಪುಡಿ, ಸೌತೆಕಾಯಿ, ಮರುದಿನಕ್ಕೂ ಕೆಡದ ಶೇಂಗಾ ಹೋಳಿಗೆ. ಅಂಗಡಿಯದೆಂದರೆ ಒಂದು ಪೊಟ್ಟಣ ಮಜ್ಜಿಗೆ.

ಟೆಂಪೊ ಹಾರ್ನ್ ಮಾಡಿತು. ನರೇಶ್ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದ. "ಎಲ್ಲಿ ಅಕ್ಕ, ದೊಡ್ಡ ಚೀಲ? ಕೊಡಿ, ಇಳಿಸ್ತೀನಿ."

ಮಹಾದೇವಿ ಅವನ ಒಂದು ಕೈಗೆ ಗ್ಯಾಸ್ ಒಲೆಯನ್ನೂ ಇನ್ನೊಂದಕ್ಕೆ ಮಸಿ ಹಿಡಿದ ಪಾತ್ರೆಯನ್ನೂ ಕೊಟ್ಟಳು. "ನಿಮ್ಮವು."

"ಮತ್ತೆ ನಮ್ಮೂಟ? ಕೋತಿ ಬಂದ್ರೆ ಯಾರು..."

"ನನ್ನೂಟ ನನ್ನ ಬೆನ್ನಿಗೈತಿ, ನನ್ನ ಜೋಡಿ ಮ್ಯಾಲ ಬರ್ತೈತಿ. ಉಳಿದದ್ದು ನಿಮಗ ಬಿಟ್ಟಿದ್ದು. ಹಿಡೀರಿ, ಭಾರ ಏನಿಲ್ಲ, ಹೂವಿನಂಗೈತಿ."

ಎದುರುಮನೆಯ ಬಾಗಿಲಲ್ಲಿ ಶಶಿಕಲಾ ಸೊಂಟದಿಂದ ಕೈ ತೆಗೆದಳು.

ನರೇಶ್ ಎರಡೂ ಕೈ ತುಂಬಿಕೊಂಡು ಹೊಸ್ತಿಲಿಗೆ ಅಡ್ಡವಾಗಿಯೇ ನಿಂತಿದ್ದ. "ಅತ್ತಾಗ ಸರೀರಿ" ಎಂದಳು ಮಹಾದೇವಿ. ಅವನು ಗೋಡೆಗೆ ಒತ್ತಿಕೊಂಡ. ಅವಳು ಚೀಲ ತಾಗಿ ರೊಟ್ಟಿ ಮುರಿಯದಂತೆ ಮೈ ಓರೆ ಮಾಡಿ, ಅವನನ್ನು ದಾಟಿ, ಆ ಮನೆಯ ಮೆಟ್ಟಿಲಿಳಿದು ಹೋದಳು.