ಹಜರತಬೀ ಹೊಲಿಯುವ ಹರಿಯದ ಪುಸ್ತಕ

ತಳಕಲ್ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಹಜರತಬೀ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ಹಳೆ ಧೋತರದ ತುಂಡು, ಅದರ ಮೇಲೆ ಕಂದು ಸೀರೆಯಿಂದ ಕತ್ತರಿಸಿದ ಒಂದು ಆಡಿನ ಮರಿ. ಕಿವಿ ಬಂದಿದೆ, ಕಾಲು ಬಂದಿವೆ, ಬಾಲ ಬಾಕಿ. ಪಕ್ಕದಲ್ಲಿ ಗಿರಾಕಿಯೊಬ್ಬರ ಕೌದಿ ಅರ್ಧಕ್ಕೇ ನಿಂತಿದೆ. ಚಹಾ ಹಿಡಿದು ಹೊರಬಂದ ಗಂಡ ನಜೀರಸಾಬ ಅದನ್ನು ನೋಡುತ್ತಾರೆ.

"ಬಾಣಂತಿ ಮನಿಯವ್ರು ಕೌದಿಗೆ ಕಾಯಾಕತ್ಯಾರ. ನೀ ಆಡಿಗೆ ಬಾಲ ಹಚ್ಕೋತ ಕುಂತಿ."

"ಬಾಲ ಇಲ್ಲದ ಆಡು ಬಸ್ ಹತ್ತಿದ್ರ ಹುಡುಗೂರು ನಗ್ತಾವು," ಎಂದು ಹಜರತಬೀ ಹಲ್ಲಿನಿಂದ ದಾರ ಕಡಿಯುತ್ತಾರೆ.

ಅವರು ಹೊಲಿಯುತ್ತಿರುವುದು ಪುಸ್ತಕ. ಕುಷ್ಟಗಿ ಬಸ್ ಹತ್ತಿದ ಆಡಿನ ಮರಿಯೊಂದು ಕಂಡಕ್ಟರ್ ಕೊಟ್ಟ ಟಿಕೆಟನ್ನೇ ತಿಂದುಬಿಡುವ ಕತೆ. ಬಟ್ಟೆಯ ಹಾಳೆ, ದಾರದ ಅಕ್ಷರ. ಕತೆ ಹಜರತಬೀಯವರದ್ದೇ. ಅಕ್ಷರಗಳನ್ನು ಅಂಗನವಾಡಿಯ ಅನ್ನಪೂರ್ಣ ಟೀಚರ್ ಸೀಮೆಸುಣ್ಣದಲ್ಲಿ ಬರೆದುಕೊಡುತ್ತಾರೆ, ಇವರು ಅದರ ಮೇಲೆ ಸೂಜಿ ಓಡಿಸುತ್ತಾರೆ. ಮದುವೆಯಾದ ಮೇಲೆ ರಾತ್ರಿ ಶಾಲೆಯಲ್ಲಿ ಓದು ಕಲಿತವರು. ಇಂದಿಗೂ ಬೆರಳಿಟ್ಟು ನಿಧಾನವಾಗಿ ಓದುತ್ತಾರೆ.

ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದು ಅವರಿಗೆ ತಾಯಿ ಕಲಿಸಿದ ಕೆಲಸ. ಒಂದು ಕೌದಿಗೆ ಎಂಟು ಹತ್ತು ದಿನ ಹಿಡಿಯುತ್ತದೆ. ಪುಸ್ತಕಕ್ಕೆ ಮೀಸಲು ಬೆಳಗಿನ ಹೊತ್ತು ಮಾತ್ರ. ಬಿಸಿಲೇರಿದರೆ ಗಿರಾಕಿಗಳ ಕೆಲಸ, ಸಂಜೆಯಾದರೆ ಸೊಂಟ ನೋವು.

ಪುಸ್ತಕ ಹೊಲಿಯುವ ಯೋಚನೆ ಬಂದದ್ದು ಒಬ್ಬ ಹುಡುಗಿಯಿಂದ. ಹೋದ ವರ್ಷ ಹಜರತಬೀ ಮಕ್ಕಳಿಗೆ ಹಾಸಲೆಂದು ಹಳೆಯ ಕೌದಿಯೊಂದನ್ನು ಅಂಗನವಾಡಿಗೆ ಕೊಡಲು ಹೋಗಿದ್ದರು. ಟೀಚರ್ ಚಿತ್ರದ ಪುಸ್ತಕ ತೆರೆದೊಡನೆ ಉಳಿದ ಮಕ್ಕಳು ಮುಗಿಬಿದ್ದರು. ಮಹೇಶ್ವರಿ ಎಂಬ ಪುಟ್ಟಿ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತಳು. ವಿಚಾರಿಸಿದಾಗ ಗೊತ್ತಾಯಿತು. ಅವಳು ಮನೆಗೆ ಒಯ್ದ ಪುಸ್ತಕದ ಹಾಳೆ ಹರಿದಿತ್ತು. ಅಜ್ಜಿ ಯಂಕವ್ವ ಸರಕಾರದ ಸಾಮಾನು ಹಾಳಾಯಿತೆಂದು ಹೆದರಿ ಮೊಮ್ಮಗಳ ಕೈಗೆ ಬಾರಿಸಿದ್ದಳು. ಅನ್ನಪೂರ್ಣ ಟೀಚರಿಗೂ ಅದೇ ಹೆದರಿಕೆ. ಒಳ್ಳೆಯ ಪುಸ್ತಕಗಳೆಲ್ಲ ಬೀಗ ಹಾಕಿದ ಟ್ರಂಕಿನೊಳಗೆ ಇದ್ದವು.

"ನಾ ಕೊಟ್ಟ ಕೌದಿ ಹುಡುಗೂರು ಎಳ್ದಾಡಿ ಆಡ್ತಿದ್ವು. ಅದು ಹರೀಲಿಲ್ಲ, ಯಾರೂ ಬೈಲಿಲ್ಲ. ಹಂಗಾರ ಪುಸ್ತಕಾನೂ ಹಂಗ ಹೊಲಿದ್ರಾತು ಅನಿಸ್ತು," ಎನ್ನುತ್ತಾರೆ ಹಜರತಬೀ. "ಆ ಹುಡುಗಿ ಸಾಲಿಗೆ ಹೋಗೂದ್ರಾಗ ಅಕಿ ಕೈ ಮುಂದ ಬರ್ಬೇಕು. ಕೈ ಕಟ್ಕೊಂಡು ಹೋದ್ರ ಏನ್ ಓದ್ತಾಳ್ರಿ?"

ಇದೇ ಆಡಿನ ಕತೆಯ ಮೊದಲ ಪುಸ್ತಕ ಕೆಟ್ಟಿತು, ಅದೂ ಕಸುಬಿನ ಶ್ರದ್ಧೆಯಿಂದಲೇ. ಕೌದಿಯ ಹೊಟ್ಟೆ ಖಾಲಿ ಬಿಡಬಾರದು ಎಂಬುದು ಈ ಭಾಗದ ಹೊಲಿಯುವ ಹೆಂಗಸರ ಪದ್ಧತಿ. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ಹೋಳಿಗೆ ಇಡುತ್ತಾರೆ. ಹಜರತಬೀ ಪುಸ್ತಕಕ್ಕೂ ಇಟ್ಟರು. ಟೀಚರ್ ಬಹಳ ದಿನ ಪುಸಲಾಯಿಸಿದ ಮೇಲೆ ಮಹೇಶ್ವರಿ ಒಂದು ಬೆರಳು ಚಾಚಿ ಆಡಿನ ಕಿವಿ ಮುಟ್ಟಿದಳು. ಒಳಗಿನ ಹೋಳಿಗೆಯ ಬೆಲ್ಲಕ್ಕೆ ಮುತ್ತಿದ್ದ ಕೆಂಪಿರುವೆ ಆ ಬೆರಳನ್ನೇ ಕಚ್ಚಿತು. ಕೈ ಮತ್ತೆ ಬೆನ್ನ ಹಿಂದೆ ಹೋಯಿತು. ತಾಯಂದಿರು ಬಂದು ಜಗಳಾಡಿದರು. ಪುಸ್ತಕ ಮನೆಗೆ ಮರಳಿತು.

ಅಂದು ನಜೀರಸಾಬ ಕೂಡ ಹಾಸ್ಯ ಮಾಡಲಿಲ್ಲ, ಇನ್ನು ಸಾಕು ಬಿಡು ಎಂದರು. ಹಜರತಬೀ ಬಿಡಲಿಲ್ಲ. ಹೊಲಿಗೆಯನ್ನೆಲ್ಲ ಬಿಚ್ಚಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ, ಒಣಗಿಸಿ, ಮತ್ತೆ ಮೊದಲ ಹಾಳೆಯಿಂದ ಕೂತರು. "ಕೌದಿ ಹೊಟ್ಟಿಗೆ ಏನ್ ಹಾಕ್ಬೇಕಂತ ನಮ್ಮವ್ವ ಕಲಿಸಿದ್ಲು. ಪುಸ್ತಕದ ಹೊಟ್ಟಿಗೆ ಏನಂತ ನಾನ ಹುಡುಕ್ಬೇಕಾತು."

ಈ ಬಾರಿ ಕೊನೆಯ ಹಾಳೆಯನ್ನು ಖಾಲಿ ಬಿಟ್ಟು, ಅದರ ಎರಡು ಪದರಗಳ ಒಂದು ಅಂಚನ್ನು ಚೀಲದ ಬಾಯಿಯಂತೆ ಹೊಲಿಯದೆ ಅಂಗನವಾಡಿಗೆ ಒಯ್ದರು. ಆಡು ಎಲ್ಲಿ ಇಳಿಯಿತು ಎಂಬುದು ಕತೆಯಲ್ಲಿ ಇರಲಿಲ್ಲ. ಕೇಳಿದ ಮಕ್ಕಳು ತಾವೇ ಹೇಳಬೇಕು, ತಮ್ಮ ಮನೆಯ ಒಂದು ಬಟ್ಟೆಯ ತುಂಡು ತಂದು ಪುಸ್ತಕದ ಹೊಟ್ಟೆಗೆ ತುಂಬಬೇಕು. ಒಬ್ಬನ ಆಡು ಗಂಗಾವತಿಯಲ್ಲಿ ಇಳಿದು ಸಿನಿಮಾಕ್ಕೆ ಹೋಯಿತು. ಮತ್ತೊಬ್ಬಳದು ಯಲಬುರ್ಗಾದಲ್ಲಿ ಇಳಿದು ಬಳೆ ತೊಟ್ಟುಕೊಂಡಿತು. ಮಹೇಶ್ವರಿ ಗೋಡೆ ಬಿಟ್ಟು ಬರಲಿಲ್ಲ. ಆದರೆ ದಿನವೂ ಕತೆ ಕೇಳಿದಳು. ರಾತ್ರಿ ಮಲಗುವಾಗ, ತಾನು ಆಯಿ ಎಂದು ಕರೆಯುವ ಅಜ್ಜಿಗೆ ಅದನ್ನೇ ಹೇಳುತ್ತಿದ್ದಳಂತೆ.

ಒಂದು ಬೆಳಿಗ್ಗೆ ಯಂಕವ್ವ ತನ್ನ ಹಸಿರು ಸೀರೆಯ ಸೆರಗಿನ ತುಂಡನ್ನು ತಾನೇ ಹರಿದು ಮೊಮ್ಮಗಳ ಕೈಗಿಟ್ಟು ಕಳಿಸಿದಳು. ಅದನ್ನು ಒಳಗೆ ತುಂಬಬೇಕೆಂದರೆ ಒಂದು ಕೈಯಲ್ಲಿ ಪುಸ್ತಕ ಹಿಡಿಯಲೇಬೇಕು. ಮಹೇಶ್ವರಿ ಹಿಡಿದಳು, ಇನ್ನೊಂದು ಕೈಯಿಂದ ತುಂಬಿದಳು. ಆಡು ಎಲ್ಲಿ ಇಳಿಯಿತೆಂದು ಟೀಚರ್ ಕೇಳಿದರು.

"ನಮ್ಮ ಮನಿ ಮುಂದ. ಆಯಿ ಬೈಲಿಲ್ಲ."

ಅಷ್ಟು ಹೇಳಿ, ಆಡು ಅಲ್ಲಿಯವರೆಗೆ ಹೇಗೆ ಬಂತೆಂದು ನೋಡಲು ಪುಸ್ತಕವನ್ನು ಮೊದಲಿನಿಂದ ತಿರುವತೊಡಗಿದಳು. ಅನ್ನಪೂರ್ಣ ಟೀಚರ್ ಆ ವಾರವೇ ಟ್ರಂಕಿನ ಬೀಗ ತೆಗೆದರು.

ಈಗ ಕಟ್ಟೆಯ ಮೇಲೆ ಹೊಲಿಯುತ್ತಿರುವುದು ಇನ್ನೊಂದು ಪ್ರತಿ. ಪಕ್ಕದ ಓಣಿಯ ಅಂಗನವಾಡಿಯವರು ಕೇಳಿದ್ದಾರೆ. ಬಾಲ ಹಚ್ಚಿ ಮುಗಿಯುವ ಹೊತ್ತಿಗೆ ಓಣಿಯ ತುದಿಯಿಂದ ಮಹೇಶ್ವರಿ ಬರುತ್ತಾಳೆ, ಹಿಂದೆಯೇ ಯಂಕವ್ವ. ಹುಡುಗಿಯ ಎರಡೂ ಕೈಯಲ್ಲಿ ಟ್ರಂಕಿನಿಂದ ಬಂದ ಕಾಗದದ ಪುಸ್ತಕ. ಅದರ ಹಾಳೆಯೊಂದು ಅರ್ಧಕ್ಕೆ ಸೀಳಿದೆ. ಅವಳು ಅದನ್ನು ಮುಚ್ಚಿಡುವುದಿಲ್ಲ, ನೇರ ಹಜರತಬೀ ಮುಂದೆ ಚಾಚುತ್ತಾಳೆ.

"ಮತ್ತ ಹರದಾಳ ನೋಡವಾ," ಎಂದು ಯಂಕವ್ವ ಕಟ್ಟೆಯಂಚಿಗೆ ಕೂರುತ್ತಾಳೆ. ಬಾರಿಸುವ ದನಿ ಅಲ್ಲ ಅದು.

ಹಜರತಬೀ ಕೌದಿಯನ್ನೂ ಆಡನ್ನೂ ಬದಿಗೆ ಸರಿಸುತ್ತಾರೆ. ತೆಳುವಾದ ಬಟ್ಟೆಯ ಪಟ್ಟಿಯೊಂದನ್ನು ಸೀಳಿನ ಹಿಂದಿಟ್ಟು, ದಾರ ಪೋಣಿಸಲು ಸಣ್ಣ ಸೂಜಿಯನ್ನು ಹುಡುಗಿಯ ಕೈಗೇ ಕೊಡುತ್ತಾರೆ.

"ಹರೀಲಿ ಬಿಡ್ರಿ," ಎನ್ನುತ್ತಾರೆ. "ಹೊಲ್ಯಾಕ ನಾ ಅದೀನಿ."